ಹಳೆ ಮೋಟರ್‌ಹೋಮ್‌ನ ಕರೆಂಟು: ದುಡ್ಡು ಹಾಕುವ ಮೊದಲು ಮೀಟರ್ ಹಾಕಿ

ನೀರಿನ ಪಂಪ್ ಗುರ್ ಎಂದರೆ ಅಡುಗೆಮನೆ ದೀಪ ಮಂಕಾಗುತ್ತಿತ್ತು. ಪಂಪ್ ನಿಂತರೆ ಮತ್ತೆ ಬೆಳಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ನಾವು 1994ರ ಮೋಟರ್‌ಹೋಮ್ (ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ) ಒಂದನ್ನು ಕೊಂಡ ಮೊದಲ ವಾರದ ಮಾತಿದು. ಬ್ಯಾಟರಿ ಸತ್ತಿದೆ ಎಂದುಕೊಂಡು ಹೊಸದು ಎರಡು ತಂದು ಕೂರಿಸಿದೆ. ದೀಪ ಅಷ್ಟೇ ಮಂಕು. ತಿಂಗಳಾದ ಮೇಲೆ ಕಳ್ಳ ಸಿಕ್ಕಿಬಿದ್ದ. ಬಾಗಿಲ ಮೆಟ್ಟಿಲ ಕೆಳಗೆ, ಬ್ಯಾಟರಿಯ ನೆಗೆಟಿವ್ ವೈರು ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಸೇರುವ ಕಡೆ ಇದ್ದ ಒಂದೇ ಒಂದು ಬೋಲ್ಟು. ಚಕ್ರ ಎರಚಿದ ನೀರು ಕುಡಿದು ಕುಡಿದು ತುಕ್ಕು ಹಿಡಿದು ಕೂತಿತ್ತು. ಬಿಚ್ಚಿ, ಎಮರಿ ಪೇಪರ್‌ನಲ್ಲಿ ಉಜ್ಜಿ, ಮತ್ತೆ ಬಿಗಿದೆ. ಅರ್ಧ ಗಂಟೆ ಕೆಲಸ. ಬ್ಯಾಟರಿಗೆ ಸುರಿದ ದುಡ್ಡು ಸುಮ್ನೆ ಹೋಯಿತು.

ಅಮೆರಿಕ, ಕೆನಡಾದಲ್ಲಿರುವ ನಮ್ಮವರು ಹಳೆ ಮೋಟರ್‌ಹೋಮ್ ಕೊಳ್ಳುವಾಗ ಎಂಜಿನ್ ನೋಡುತ್ತಾರೆ, ಟೈರ್ ನೋಡುತ್ತಾರೆ, ಮಾಡು ಸೋರುತ್ತದಾ ಎಂದು ನೋಡುತ್ತಾರೆ. ವೈರಿಂಗ್ ಯಾರೂ ನೋಡುವುದಿಲ್ಲ. ಆಮೇಲೆ ಏನಾದರೂ ಕೆಟ್ಟರೆ ಮೊದಲು ಅಂಗಡಿಗೆ ಓಡುತ್ತಾರೆ, ನಾನು ಓಡಿದ ಹಾಗೆ. ಈ ಲೇಖನ ಓಡದೆ ಇರುವುದಕ್ಕೆ.

ಒಳಗಿರುವುದು ಮೂರು ಕರೆಂಟು

ಒಂದು, ಎಂಜಿನ್ ಕಡೆಯ 12 ವೋಲ್ಟ್. ಸ್ಟಾರ್ಟರ್, ಹೆಡ್‌ಲೈಟ್, ಹಾರ್ನ್, ವೈಪರ್ ಎಲ್ಲ ಇದರದ್ದು. ಎರಡು, ಮನೆ ಕಡೆಯ 12 ವೋಲ್ಟ್. ಒಳಗಿನ ದೀಪ, ನೀರಿನ ಪಂಪ್, ಹೀಟರ್‌ನ ಫ್ಯಾನ್ ಇದರಲ್ಲಿ ನಡೆಯುತ್ತವೆ. ಗ್ಯಾಸ್‌ನಲ್ಲಿ ಓಡುವ ಫ್ರಿಜ್‌ಗೂ ಅದರ ಬೋರ್ಡ್ ಎಚ್ಚರವಾಗಿರಲು ಈ 12 ವೋಲ್ಟ್ ಬೇಕೇ ಬೇಕು. ಹಾಗಾಗಿ ‘ಗ್ಯಾಸ್ ಇದೆ, ಆದರೂ ಫ್ರಿಜ್ ತಣ್ಣಗಾಗ್ತಿಲ್ಲ’ ಎಂದರೆ ಸಿಲಿಂಡರ್ ಬಿಟ್ಟು ಬ್ಯಾಟರಿ ನೋಡಬೇಕಾಗಿ ಬರಬಹುದು. ಮೂರು, ಕ್ಯಾಂಪ್‌ಗ್ರೌಂಡಿನ ಪ್ಲಗ್ ಕಂಬದಿಂದಲೋ ಜನರೇಟರ್‌ನಿಂದಲೋ ಬರುವ 120 ವೋಲ್ಟ್ ಎಸಿ, ಅಂದರೆ ಮನೆಯ ಪ್ಲಗ್ಗಿನಲ್ಲಿ ಬರುವಂಥ ಕರೆಂಟು. ಏರ್‌ಕಂಡಿಷನರ್, ಮೈಕ್ರೋವೇವ್, ಗೋಡೆಯ ಪ್ಲಗ್‌ಗಳು ಇದರವು.

ಇವುಗಳ ನಡುವೆ ಎರಡು ಸೇತುವೆ ಇವೆ. 120 ವೋಲ್ಟನ್ನು 12 ಮಾಡಿ ಮನೆ ಬ್ಯಾಟರಿಗೆ ತುಂಬುವುದು ಕನ್ವರ್ಟರ್. ಎಂಜಿನ್ ಓಡುವಾಗ ಅದು ತಿರುಗಿಸುವ ಆಲ್ಟರ್ನೇಟರ್‌ನಿಂದ (ಕರೆಂಟ್ ಹುಟ್ಟಿಸುವ ಯಂತ್ರ) ಮನೆ ಬ್ಯಾಟರಿಗೆ ದಾರಿ ಬಿಡುವುದು ಐಸೋಲೇಟರ್. ಏನೇ ತೊಂದರೆ ಬಂದರೂ ಮೊದಲ ಪ್ರಶ್ನೆ ಒಂದೇ: ಇದು ಯಾವ ಕರೆಂಟಿನ ಜಗಳ?

ಎಡವಿ ಬೀಳುವ ಒಂದು ಹೊಂಡ ಇಲ್ಲಿದೆ, ನೋಡಿಕೊಳ್ಳಿ. ಕಾರಿನ ಕಡೆ ಕಪ್ಪು ವೈರ್ ಎಂದರೆ ನೆಗೆಟಿವ್. ಎಸಿ ಕಡೆ ಅಮೆರಿಕದಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅಥವಾ ಬರೀ ತಾಮ್ರ ಅರ್ಥ್. ಇನ್ನು ಮನೆ ಕಡೆಯ 12 ವೋಲ್ಟ್‌ನಲ್ಲಿ ಎಷ್ಟೋ ಹಳೆ ಗಾಡಿಗಳಲ್ಲಿ ಬಿಳಿಯೇ ನೆಗೆಟಿವ್, ಕಪ್ಪು ಪಾಸಿಟಿವ್! ಒಂದೇ ಡಬ್ಬದೊಳಗೆ ಈ ಎರಡು ತರದ ಕಪ್ಪು ವೈರ್‌ಗಳು ಅಕ್ಕಪಕ್ಕ ಮಲಗಿರುತ್ತವೆ. ಬಣ್ಣ ನಂಬಬೇಡಿ. ಮೀಟರ್ ಇಟ್ಟು ನೋಡಿ, ಆಮೇಲೆ ಮುಟ್ಟಿ.

ಕೈ ಹಾಕುವ ಮುನ್ನ

ಮಲ್ಟಿಮೀಟರ್ ಒಂದು ಬೇಕು. ಡಿಸಿ (ಬ್ಯಾಟರಿ ಕಡೆಯ ಕರೆಂಟು) ಆಂಪ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಪ್ಲಗ್ಗಿಗೆ ಸಿಕ್ಕಿಸುವ ಮೂರು ದೀಪದ ಟೆಸ್ಟರ್, ಮುಟ್ಟದೆಯೇ ಕರೆಂಟ್ ತೋರಿಸುವ ಪೆನ್ ಟೆಸ್ಟರ್, ತಂತಿ ಬ್ರಷ್, ಒಳ್ಳೆ ಕ್ರಿಂಪಿಂಗ್ ಇಕ್ಕಳ. ಜೊತೆಗೆ ಏಳೆಂಟು ಮೀಟರ್ ಉದ್ದದ ವೈರಿಗೆ ಎರಡೂ ತುದಿಯಲ್ಲಿ ಕ್ರೊಕಡೈಲ್ ಕ್ಲಿಪ್ ಹಾಕಿ ಇಟ್ಟುಕೊಳ್ಳಿ. ಅದು ಯಾಕೆ ಎಂದು ಮುಂದೆ ಗೊತ್ತಾಗುತ್ತದೆ. ಒಂದು ನೋಟ್‌ಬುಕ್ ಕೂಡ. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೊ ತೆಗೆಯಿರಿ, ವೈರಿಗೆ ಟೇಪ್ ಸುತ್ತಿ ನಂಬರ್ ಬರೆಯಿರಿ.

ವೈರ್ ಬಿಚ್ಚುವ ಕೆಲಸವಾದರೆ ಹೊರಗಿನ ಪ್ಲಗ್ ಕಿತ್ತು, ಜನರೇಟರ್, ಇನ್ವರ್ಟರ್ (ಬ್ಯಾಟರಿಯ 12 ವೋಲ್ಟನ್ನು 120 ಮಾಡುವುದು) ಆರಿಸಿ, ಸೋಲಾರ್ ಇದ್ದರೆ ಅದನ್ನೂ ಕಡಿದು, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಉಂಗುರ, ಕೈಗಡಿಯಾರ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಪಾಸಿಟಿವ್‌ಗೂ ಬಾಡಿಗೂ ನಡುವೆ ಸ್ಪ್ಯಾನರ್ ಬಿದ್ದರೆ ಅದು ವೆಲ್ಡಿಂಗ್ ಆದ ಹಾಗೆ ಅಂಟಿ ಕೆಂಪಗೆ ಕಾಯುತ್ತದೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದರ ಹತ್ತಿರ ಕಿಡಿ ಬೇಡ. 120 ವೋಲ್ಟ್ ಡಬ್ಬ ಬಿಚ್ಚಿ ಅಭ್ಯಾಸ ಇಲ್ಲದವರು ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಮೋಟರ್‌ಹೋಮ್ ವೈರಿಂಗ್‌ಗೆ ಅಮೆರಿಕದಲ್ಲಿ ಬೇರೆಯೇ ನಿಯಮಗಳಿವೆ, ಅಲ್ಲಿನ ವಿದ್ಯುತ್ ನಿಯಮಾವಳಿಯಾದ ಎನ್‌ಇಸಿಯ 551ನೇ ಭಾಗ. ಅದನ್ನು ಬಲ್ಲವರೇ ಆದರೆ ಒಳ್ಳೆಯದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಂತ 1: ಬ್ಯಾಟರಿಯನ್ನು ಸುಮ್ಮನೆ ಮಲಗಿಸಿ ನೋಡಿ

ಎಲ್ಲ ಚಾರ್ಜಿಂಗ್ ನಿಲ್ಲಿಸಿ, ಎಲ್ಲ ಆರಿಸಿ, ಕೆಲವು ಗಂಟೆ ಬಿಡಿ. ಆಮೇಲೆ ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.7 ತೋರಿಸಿದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಪದೇ ಪದೇ ಇಳಿಸಿ ಬಳಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಚಾರ್ಜರ್ ಕಿತ್ತ ಕೂಡಲೇ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ, ಅದಕ್ಕೇ ಕಾಯುವುದು. ನೀರು ಹಾಕುವ ತರದ್ದಾದರೆ ಮುಚ್ಚಳ ತೆಗೆದು ಪ್ಲೇಟ್ ಮುಳುಗಿದೆಯಾ ನೋಡಿ. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡ.

ಹಂತ 2: ಭಾರ ಹೊರಿಸಿ ಅಳೆಯಿರಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ತುಕ್ಕು ಹಿಡಿದ ಜೋಡಣೆ ಸುಮ್ಮನಿದ್ದಾಗ ಸಿಕ್ಕಿಬೀಳುವುದಿಲ್ಲ. ದೀಪ ಆರಿಸಿ ಫ್ಯೂಸ್ ಹತ್ತಿರ ಮೀಟರ್ ಇಟ್ಟರೆ ಅಲ್ಲೂ 12.6 ತೋರಿಸುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಕರೆಂಟ್ ಹರಿಯುವಾಗಷ್ಟೇ ಅದರ ಬಣ್ಣ ಬಯಲಾಗುತ್ತದೆ. ಆದ್ದರಿಂದ ಮನೆಯ ದೀಪಗಳನ್ನೆಲ್ಲ ಹಾಕಿ, ಹೀಟರ್‌ನ ಫ್ಯಾನ್ ಓಡಿಸಿ, ಯಾರಾದರೂ ನಲ್ಲಿ ತೆರೆದು ಪಂಪ್ ಓಡುತ್ತಿರುವ ಹಾಗೆ ನೋಡಿಕೊಳ್ಳಲಿ. ನಮ್ಮ ಮನೆಯಲ್ಲಿ ಈ ಕೆಲಸ ಮಗಳದ್ದು.

ಈಗ ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಮೀಟರಿನ ವೈರಿನ ಒಂದು ಮುಳ್ಳು (ಚೂಪು ತುದಿ) ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಅದನ್ನು ಹಿಡಿದಿರುವ ವೈರಿನ ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದು ಮುಳ್ಳು ಒಳಗಿನ ಫ್ಯೂಸ್ ಡಬ್ಬದ ನೆಗೆಟಿವ್ ಪಟ್ಟಿಗೆ. ಅಷ್ಟು ದೂರ ಕೈ ಮುಟ್ಟುವುದಿಲ್ಲ ಅಲ್ವಾ, ಆ ಉದ್ದದ ವೈರ್ ಬೇಕಾಗುವುದು ಇಲ್ಲಿಯೇ. ಎರಡೂ ನೆಗೆಟಿವ್, ಹಾಗಾಗಿ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. 0.1, 0.2 ಆದರೆ ಪರವಾಗಿಲ್ಲ. ನಮ್ಮದು ತೋರಿಸಿದ್ದು 1.3. ಅಂದರೆ ಬ್ಯಾಟರಿಯಲ್ಲಿ 12.4 ಇದ್ದರೂ ದೀಪಕ್ಕೆ ಮುಟ್ಟುತ್ತಿದ್ದದ್ದು 11.1. ಬಾಕಿ 1.3 ವೋಲ್ಟ್ ಆ ಬೋಲ್ಟಿನಲ್ಲಿ ಶಾಖವಾಗಿ ಹೋಗುತ್ತಿತ್ತು. ಕೈಯಿಟ್ಟರೆ ಬೆಚ್ಚಗಿತ್ತು ಕೂಡ.

ಇನ್ನು ಮುಳ್ಳನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತನ್ನಿ. ಪಟ್ಟಿಯಿಂದ ಚಾಸಿಗೆ, ಚಾಸಿಯಿಂದ ಬೋಲ್ಟಿಗೆ, ಬೋಲ್ಟಿನಿಂದ ವೈರಿನ ಲಗ್‌ಗೆ (ವೈರಿನ ತುದಿಯ ಲೋಹದ ಬಳೆ), ಲಗ್‌ನಿಂದ ಕ್ಲ್ಯಾಂಪಿಗೆ. ಯಾವ ಎರಡು ಜಾಗದ ನಡುವೆ ಸಂಖ್ಯೆ ಪಟ್ ಎಂದು ಇಳಿಯುತ್ತದೋ ಕಳ್ಳ ಅಲ್ಲೇ ಕೂತಿದ್ದಾನೆ. ಪಾಸಿಟಿವ್ ಕಡೆಯೂ ಹೀಗೇ ಮಾಡಿ. ಅಲ್ಲಿ ಬ್ಯಾಟರಿ ಹತ್ತಿರವೇ ಒಂದು ಸಣ್ಣ ಬ್ರೇಕರ್ ಡಬ್ಬಿ ಇರಬಹುದು, ಬಾಗಿಲ ಬಳಿಯ ಬ್ಯಾಟರಿ ಸ್ವಿಚ್‌ನಿಂದ ನಡೆಯುವ ರಿಲೇ (ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್) ಇರಬಹುದು. ಅವುಗಳ ಎರಡೂ ತುದಿ ಅಳೆಯಿರಿ.

ಜಾಗ ಸಿಕ್ಕಿದ ಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲಸ ಮಾಡಿ. ಬ್ಯಾಟರಿ ಕಂಬದ ಮೇಲಿನ ಹಸಿರು, ಬಿಳಿ ಕಿಲುಬಿಗೆ ಅಡುಗೆ ಸೋಡಾ ನೀರು ಸಾಕು, ನೊರೆ ನಿಂತ ಮೇಲೆ ಒರೆಸಿ. ಸೋಡಾ ನೀರು ಬ್ಯಾಟರಿಯೊಳಗೆ ಹೋಗದ ಹಾಗೆ ಮುಚ್ಚಳ ಭದ್ರವಿರಲಿ. ಚಾಸಿಯ ಕಡೆ ಪೇಂಟು, ತುಕ್ಕು ಎರಡೂ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲಿಂದ ಗ್ರೀಸ್ ಅಥವಾ ವ್ಯಾಸಲೀನ್ ಬಳಿಯಿರಿ. ಬಳಿಯುವುದು ಬಿಗಿದ ಮೇಲೆ.

ಹೀಗೆ ಹುಡುಕುವಾಗ ಹಿಂದಿನ ಮಾಲೀಕರ ‘ಕೈಚಳಕ’ ಕೂಡ ಕಾಣುತ್ತದೆ. ನಮ್ಮ ಗಾಡಿಯಲ್ಲಿ ಒಂದು ಗಾಜಿನ ಫ್ಯೂಸ್‌ಗೆ ಅಡುಗೆಮನೆಯ ಬೆಳ್ಳಿ ಕಾಗದ ಸುತ್ತಿದ್ದರು. ಬೆಂಕಿ ಬೀಳದೆ ಇದ್ದದ್ದು ನಮ್ಮ ಪುಣ್ಯ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕಬೇಡಿ. ಫ್ಯೂಸ್ ಕಾಪಾಡುವುದು ವೈರನ್ನು. ಅಮೆರಿಕದ ಲೆಕ್ಕದಲ್ಲಿ 14 ನಂಬರ್ ವೈರಿಗೆ 15 ಆಂಪ್, 12ಕ್ಕೆ 20, 10ಕ್ಕೆ 30. ನಂಬರ್ ಚಿಕ್ಕದಾದಷ್ಟೂ ವೈರ್ ದಪ್ಪ. ಊರಲ್ಲಿ 1.5, 2.5 ಸ್ಕ್ವೇರ್ ಎಂಎಂ ಎಂದು ಕೇಳಿ ಬೆಳೆದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. 14 ನಂಬರ್ ಎಂದರೆ ಸುಮಾರು 2 ಸ್ಕ್ವೇರ್ ಎಂಎಂ, 10 ಎಂದರೆ 5ಕ್ಕಿಂತ ಸ್ವಲ್ಪ ಜಾಸ್ತಿ.

ಹಂತ 3: ಚಾರ್ಜ್ ಬರುತ್ತಿದೆಯಾ?

ಹೊರಗಿನ ಕರೆಂಟ್ ಸಿಕ್ಕಿಸಿ, ಬ್ಯಾಟರಿ ಕಂಬದಲ್ಲಿ ಅಳೆಯಿರಿ. 12.5 ಇದ್ದದ್ದು 13ರ ಮೇಲೆ ಏರಬೇಕು. ಏರದಿದ್ದರೆ ಕನ್ವರ್ಟರ್‌ನ 120 ವೋಲ್ಟ್ ಬ್ರೇಕರ್ ನೋಡಿ. ಅದು ಸರಿ ಇದ್ದರೆ ಕನ್ವರ್ಟರ್‌ನ ಡಿಸಿ ಕಡೆ ಜೋಡಿ ಫ್ಯೂಸ್ ಇರುತ್ತವೆ, ಸಾಮಾನ್ಯವಾಗಿ 30 ಅಥವಾ 40 ಆಂಪ್. ಯಾರಾದರೂ ಯಾವಾಗಲೋ ಬ್ಯಾಟರಿಯನ್ನು ಒಂದು ಕ್ಷಣ ಉಲ್ಟಾ ಮುಟ್ಟಿಸಿದ್ದರೂ ಅವು ಹಾರಿರುತ್ತವೆ. ಬಿಳಿ ವೈರ್, ಕಪ್ಪು ವೈರಿನ ಕತೆ ನೆನಪಿದೆಯಲ್ಲ?

ಹಳೆ ಕನ್ವರ್ಟರ್‌ಗಳಿಗೆ ಇನ್ನೊಂದು ಚಾಳಿ. ಬ್ಯಾಟರಿ ತುಂಬಿದರೂ ತುಂಬದಿದ್ದರೂ 13.8ರ ಆಸುಪಾಸಿನಲ್ಲೇ ತಳ್ಳುತ್ತಾ ಇರುತ್ತವೆ. ಖಾಲಿ ಬ್ಯಾಟರಿಗೆ ಅದು ನಿಧಾನ, ತುಂಬಿದ ಬ್ಯಾಟರಿಗೆ ಅದು ಜಾಸ್ತಿ. ಮನೆ ಮುಂದೆ ತಿಂಗಳುಗಟ್ಟಲೆ ಪ್ಲಗ್ ಹಾಕಿ ನಿಲ್ಲಿಸಿದರೆ ನೀರೆಲ್ಲ ಮುಗಿದು ಬ್ಯಾಟರಿ ಒಣಗುತ್ತದೆ. ರಾತ್ರಿ ಹಾಸಿಗೆ ಕೆಳಗಿಂದ ಜೀರುಂಡೆ ತರ ಗುಂಯ್ ಎನ್ನುತ್ತಿದ್ದರೆ ಅದು ಈ ಹಳೆ ತಲೆಮಾರಿನದ್ದೇ ಇರಬೇಕು.

ಎಂಜಿನ್ ಸ್ಟಾರ್ಟ್ ಮಾಡಿ ಮನೆ ಬ್ಯಾಟರಿ ಮತ್ತೆ ಅಳೆಯಿರಿ. 13.5ರಿಂದ 14.4ರೊಳಗೆ ಬಂದರೆ ಐಸೋಲೇಟರ್ ಕೆಲಸ ಮಾಡುತ್ತಿದೆ. ರಿಲೇ ತರದ್ದಾದರೆ ಕೀ ತಿರುಗಿಸಿದಾಗಲೋ ಎಂಜಿನ್ ಶುರುವಾದಾಗಲೋ ಟಕ್ ಎನ್ನುತ್ತದೆ. ಟಕ್ ಎಂದರೂ ದಾಟುತ್ತಿಲ್ಲ ಎಂದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ತರದ್ದಾದರೆ ಸುಮಾರು 0.7 ವೋಲ್ಟನ್ನು ತಾನೇ ನುಂಗುತ್ತದೆ, ಅದು ಅದರ ಸ್ವಭಾವ.

ನಿಲ್ಲಿಸಿಟ್ಟ ಗಾಡಿಯ ಬ್ಯಾಟರಿ ಎರಡು ವಾರಕ್ಕೇ ಖಾಲಿಯಾದರೆ ಹೆದರಬೇಡಿ. ಗ್ಯಾಸ್ ಸೋರಿಕೆ ಅಲಾರಂ, ಫ್ರಿಜ್ ಬೋರ್ಡ್, ರೇಡಿಯೊ ಸದಾ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ನಿಲ್ಲಿಸುವಾಗ ನೆಗೆಟಿವ್ ಬಿಚ್ಚಿಡಿ, ಅಷ್ಟೇ. ಆ ಅಲಾರಂ ಹಿಂದೆ ತಯಾರಾದ ದಿನಾಂಕ ಇರುತ್ತದೆ, ಅದನ್ನೂ ಓದಿ. ಅದಕ್ಕೂ ಆಯಸ್ಸಿದೆ, ಸಾಮಾನ್ಯವಾಗಿ 5ರಿಂದ 7 ವರ್ಷ. 1994ರ ಗಾಡಿಯಲ್ಲಿ 1994ರದ್ದೇ ಅಲಾರಂ ಇದ್ದರೆ ಅದು ಗೋಡೆಗೆ ಅಲಂಕಾರ.

ಹಂತ 4: 120 ವೋಲ್ಟ್

ಎಷ್ಟೋ ಹಳೆ ಮೋಟರ್‌ಹೋಮ್‌ಗಳದ್ದು ಮೂರು ಪಿನ್ನಿನ 30 ಆಂಪ್ ಪ್ಲಗ್, ಟಿಟಿ-30 ಎನ್ನುತ್ತಾರೆ. ಇದು 120 ವೋಲ್ಟ್ ಮಾತ್ರ. ಅಪಾಯ ಏನೆಂದರೆ, ಮನೆಯಲ್ಲಿ ಗಾಡಿಗೊಂದು ಪಾಯಿಂಟ್ ಹಾಕಿಕೊಡಿ ಎಂದಾಗ ಈ ಪ್ಲಗ್ ನೋಡಿ ಬಟ್ಟೆ ಒಣಗಿಸುವ ಮಷೀನಿನದ್ದು ಎಂದುಕೊಂಡು 240 ವೋಲ್ಟ್ ಕೊಡುವವರಿದ್ದಾರೆ. ಸಿಕ್ಕಿಸಿದ ಕ್ಷಣ ಮೈಕ್ರೋವೇವ್, ಕನ್ವರ್ಟರ್, ಟಿವಿ ಎಲ್ಲ ಹೊಗೆ. ಎಲೆಕ್ಟ್ರಿಷಿಯನ್‌ಗೆ ‘ಮೋಟರ್‌ಹೋಮ್, 30 ಆಂಪ್, 120 ವೋಲ್ಟ್’ ಎಂದು ಕಾಗದದ ಮೇಲೆ ಬರೆದು ಕೊಡಿ, ಆಮೇಲೆ ನೀವೇ ಮೀಟರ್ ಹಾಕಿ ನೋಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 120, ಫೇಸ್ ಮತ್ತು ಅರ್ಥ್ ನಡುವೆ 120, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಸೊನ್ನೆ ಹತ್ತಿರ. ಕ್ಯಾಂಪ್‌ಗ್ರೌಂಡ್‌ನ ಕಂಬದಲ್ಲೂ ಇದೇ ಪರೀಕ್ಷೆ. ಬೇಸಿಗೆ ಮಧ್ಯಾಹ್ನ ಎಲ್ಲರ ಏರ್‌ಕಂಡಿಷನರ್ (ಏಸಿ) ಓಡುವಾಗ ವೋಲ್ಟೇಜ್ 105ರ ಕೆಳಗೆ ಇಳಿದರೆ ನಿಮ್ಮ ಏಸಿ ಆರಿಸಿಬಿಡಿ, ಕಂಪ್ರೆಸರ್ ಉಳಿಯುತ್ತದೆ.

ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಕೆ ಮುಟ್ಟಿದಾಗ ಕೈ ಜುಮ್ ಎಂದರೆ ಅದನ್ನು ತಮಾಷೆ ಎಂದು ಬಿಡಬೇಡಿ. ಗಾಡಿಯ ಮೈಗೆ ಕರೆಂಟ್ ಇಳಿದಿದೆ, ಅರ್ಥ್ ಎಲ್ಲೋ ಕಡಿದಿದೆ. ಗಾಡಿ ಮುಟ್ಟದೆ ಕಂಬದ ಬ್ರೇಕರ್ ಆರಿಸಿ, ಆಮೇಲೆ ಪ್ಲಗ್ ಕೀಳಿ. ಕಾರಣ ಸಿಗುವವರೆಗೆ ಸಿಕ್ಕಿಸಬೇಡಿ. ಪೆನ್ ಟೆಸ್ಟರ್ ಬಾಡಿ ಹತ್ತಿರ ಹಿಡಿದರೆ ಮುಟ್ಟುವ ಮೊದಲೇ ಕೀ ಎನ್ನುತ್ತದೆ.

ಮೇಲೆ ಎಲೆಕ್ಟ್ರಿಷಿಯನ್ ಬಗ್ಗೆ ಹೇಳಿದ್ದು ಇದಕ್ಕೆ: ಮನೆಯ ಮುಖ್ಯ ಡಬ್ಬದಲ್ಲಿ ನ್ಯೂಟ್ರಲ್, ಅರ್ಥ್ ಒಟ್ಟಿಗೆ ಸೇರಿರುತ್ತವೆ. ಮೋಟರ್‌ಹೋಮ್ ಡಬ್ಬದಲ್ಲಿ ಸೇರಿಸಬಾರದು. ಮನೆ ಕೆಲಸ ಮಾತ್ರ ಗೊತ್ತಿರುವವರು ಅಭ್ಯಾಸಬಲದಿಂದ ಸೇರಿಸಿಬಿಡುತ್ತಾರೆ.

ಬ್ರೇಕರ್ ಹಾರುವುದು ಎಷ್ಟೋ ಸಲ ಕೆಟ್ಟದ್ದರಿಂದಲ್ಲ, ಲೆಕ್ಕ ತಪ್ಪಿದ್ದರಿಂದ. 30 ಆಂಪ್ ಎಂದರೆ ಒಟ್ಟು 3600 ವ್ಯಾಟ್. ಏಸಿಗೆ 13, 14 ಆಂಪ್, ಮೈಕ್ರೋವೇವ್‌ಗೆ 12ರ ಸುಮಾರು, 1500 ವ್ಯಾಟಿನ ರೂಮ್ ಹೀಟರ್‌ಗೆ 12.5. ಈ ಮೂರೂ ಒಟ್ಟಿಗೆ ಆಗುವುದಿಲ್ಲ. ಇನ್ನು, ಗಾಡಿಯ ಹೊರಗೋಡೆಯ ಪ್ಲಗ್ ಸತ್ತಿದ್ದರೆ ಮೊದಲು ಬಚ್ಚಲಿಗೆ ಹೋಗಿ. ಅಲ್ಲಿನ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಆರುವ ಪ್ಲಗ್) ಗುಂಡಿಯೇ ಅಡುಗೆಮನೆ ಮತ್ತು ಹೊರಗಿನ ಪ್ಲಗ್‌ಗಳನ್ನೂ ಕಾಯುತ್ತಿರುತ್ತದೆ.

ಕರ್ನಾಟಕದಲ್ಲಿ ಟೆಂಪೊ ಟ್ರಾವೆಲರ್‌ನಂಥ ಗಾಡಿಗಳನ್ನು ಕ್ಯಾಂಪರ್ ಮಾಡಿಸಿಕೊಂಡವರು ಈ ನಾಲ್ಕನೇ ಹಂತವನ್ನು ಹಾಗೇ ಬಳಸಬೇಡಿ. ಅಲ್ಲಿ 230 ವೋಲ್ಟ್, ಪ್ಲಗ್ಗೂ ಬೇರೆ, ವೈರಿನ ಬಣ್ಣವೂ ಬೇರೆ. 12 ವೋಲ್ಟ್ ಮಾತು ಮಾತ್ರ ಎಲ್ಲ ಕಡೆ ಒಂದೇ.

ಇನ್ನು ಹೊಸದು ಹಾಕೋಣ

ಎಲ್ಲರಿಗೂ ಮೊದಲು ಸೋಲಾರ್ ಬೇಕು. ನನ್ನ ಮಾತು ಕೇಳಿದರೆ ಮೊದಲು ಬಲ್ಬ್ ಬದಲಾಯಿಸಿ. ಹಳೆ ಗಾಡಿಗಳ 1141 ನಂಬರಿನ ಬಲ್ಬ್ ಒಂದಕ್ಕೇ ಸುಮಾರು 1.4 ಆಂಪ್ ಬೇಕು. ಹತ್ತು ಹಾಕಿದರೆ 14. ಅದೇ ಹೋಲ್ಡರ್‌ಗೆ ಕೂರುವ ಎಲ್‌ಇಡಿ ಹಾಕಿದರೆ ಹತ್ತೂ ಸೇರಿ 2, 3 ಆಂಪ್. ಸಂಜೆ ನಾಲ್ಕು ಗಂಟೆ ದೀಪ ಉರಿಸಿದರೆ ಉಳಿಯುವುದೇ 40ಕ್ಕೂ ಹೆಚ್ಚು ಆಂಪ್‌ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್‌ಅವರ್). ಇಷ್ಟು ಅಗ್ಗಕ್ಕೆ ಇಷ್ಟು ಬ್ಯಾಟರಿ ಎಲ್ಲೂ ಸಿಗುವುದಿಲ್ಲ. 10ರಿಂದ 30 ವೋಲ್ಟ್ ತಡೆಯುವ ಎಲ್‌ಇಡಿ ಆರಿಸಿ, ಬೆಳಕು ಹಳದಿ ಇರಲಿ. ನಾನು ಮೊದಲು ತಂದ ಬಿಳಿ ಬೆಳಕಿನಲ್ಲಿ ಗಾಡಿ ಆಸ್ಪತ್ರೆ ವಾರ್ಡ್ ತರ ಕಾಣುತ್ತಿತ್ತು.

ಎರಡನೆಯದು ಕನ್ವರ್ಟರ್. ಈಗಿನ ಮೂರು ಹಂತದವು ಮೊದಲು 14.4, ಆಮೇಲೆ 13.6, ನಿಲ್ಲಿಸಿಟ್ಟಾಗ 13.2 ಕೊಡುತ್ತವೆ. ಮುಂದೆ ಲಿಥಿಯಂ ಹಾಕುವ ಆಸೆ ಇದ್ದರೆ ಅದಕ್ಕೂ ಹೊಂದುವುದನ್ನೇ ಈಗಲೇ ಕೊಳ್ಳಿ, ಎರಡು ಸಲ ಖರ್ಚು ಬೇಡ.

ಮೂರನೆಯದು ಬ್ಯಾಟರಿ. 100 ಆಂಪ್‌ಅವರ್ ಲೆಡ್ ಆಸಿಡ್‌ನಲ್ಲಿ ನೆಮ್ಮದಿಯಾಗಿ ಬಳಸಬಹುದಾದ್ದು 50. ಅಷ್ಟೇ ಆಂಪ್‌ಅವರಿನ ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 80ಕ್ಕೂ ಮೇಲೆ, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಅದಕ್ಕೆ ಮೂರು ಷರತ್ತು. ಬ್ಯಾಟರಿ 0 ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಬಾರದು, ಮೆಟ್ಟಿಲ ಕೆಳಗಿನ ಡಬ್ಬದಲ್ಲಿ ಚಳಿಗಾಲಕ್ಕೆ ಇದು ನಿಜವಾದ ಸಮಸ್ಯೆ. ಹಳೆ ಐಸೋಲೇಟರ್‌ಗೆ ನೇರ ಜೋಡಿಸಿದರೆ ಅದು ಆಲ್ಟರ್ನೇಟರ್‌ನಿಂದ ಸಿಕ್ಕಿದಷ್ಟೂ ಎಳೆದು ಅದನ್ನು ಸುಡಬಹುದು, ನಡುವೆ ಎಳೆತಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕು. ಮತ್ತೆ, ಲಿಥಿಯಂನ ವೋಲ್ಟೇಜ್ ಕೊನೆಯವರೆಗೂ 13ರ ಹತ್ತಿರವೇ ನಿಲ್ಲುವುದರಿಂದ ಹಂತ 1ರ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಒಳಹೊರ ಹೋಗುವ ಆಂಪ್ ಎಣಿಸುವ ಶಂಟ್ ಮೀಟರ್ ಹಾಕಬೇಕು.

ಆಮೇಲೆ ಸೋಲಾರ್. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜನರೇಟರ್ ಓಡಿಸಬಹುದಾದ್ದು ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಅಷ್ಟರಲ್ಲಿ ಬ್ಯಾಟರಿ ತುಂಬುವುದೂ ಕಷ್ಟ, ಪಕ್ಕದವರ ಮುಖ ನೋಡುವುದೂ ಕಷ್ಟ. ಬೇಸಿಗೆಯ ಒಳ್ಳೆ ಬಿಸಿಲಿನಲ್ಲಿ 200 ವ್ಯಾಟ್ ಪ್ಯಾನೆಲ್, ಅದರಿಂದ ಆದಷ್ಟು ಹೆಚ್ಚು ಹಿಂಡಿ ಬ್ಯಾಟರಿಗೆ ತುಂಬುವ ಎಂಪಿಪಿಟಿ ಕಂಟ್ರೋಲರ್ ಸೇರಿ ದಿನಕ್ಕೆ ಸುಮಾರು 60 ಆಂಪ್‌ಅವರ್ ಕೊಡುತ್ತವೆ. ಎಲ್‌ಇಡಿ ಹಾಕಿದ ಗಾಡಿಗೆ ಅದು ಧಾರಾಳ, ಹಳೆ ಬಲ್ಬಿನ ಗಾಡಿಯಲ್ಲಿ ಸಂಜೆಯ ದೀಪಕ್ಕೇ ಅಷ್ಟೂ ಖರ್ಚು. ಮರದ ನೆರಳಲ್ಲಿ ನಿಲ್ಲಿಸಿದರೆ ಮಾತ್ರ ಸೋಲಾರ್ ಇದ್ದೂ ಇಲ್ಲದ ಹಾಗೆ.

ಇನ್ವರ್ಟರ್ ಕೊನೆಗೆ. ನಮಗೆ ಅದು ಬೇಕಾಗಿದ್ದೇ ಚಟ್ನಿಗೆ. 110 ವೋಲ್ಟಿನ 750 ವ್ಯಾಟ್ ಮಿಕ್ಸಿ, 12 ವೋಲ್ಟ್ ಬ್ಯಾಟರಿಯಿಂದ ಎಳೆಯುವುದು 70 ಆಂಪ್ ಹತ್ತಿರ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. 1000 ವ್ಯಾಟ್ ಎಂದರೆ 100 ಆಂಪ್ ಹತ್ತಿರ ಬಂತು ಎಂದಿಟ್ಟುಕೊಳ್ಳಿ. ಆದ್ದರಿಂದ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಆದರೆ ನೀರು ಹಾಕುವ ಬ್ಯಾಟರಿಯ ಡಬ್ಬದೊಳಗೆ ಬೇಡ. ಕೇಬಲ್ ಹೆಬ್ಬೆರಳಿನಷ್ಟು ದಪ್ಪ ಇರಲಿ, ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಮನೆಯ ಕರೆಂಟಿನಂತೆಯೇ ನಯವಾದ ಕರೆಂಟ್ ಕೊಡುವ ಪ್ಯೂರ್ ಸೈನ್ ವೇವ್ ತರದ್ದೇ ಕೊಳ್ಳಿ. ಅಗ್ಗದ್ದರಲ್ಲಿ ಮಿಕ್ಸಿ ಗೊರಗೊರ ಎನ್ನುತ್ತಾ ಕಾಯುತ್ತದೆ. ಇನ್ವರ್ಟರನ್ನು ಇಡೀ ಗಾಡಿಯ ಪ್ಲಗ್‌ಗಳಿಗೆ ಕೊಡುವುದಾದರೆ ಟ್ರಾನ್ಸ್‌ಫರ್ ಸ್ವಿಚ್ (ಹೊರಗಿನ ಕರೆಂಟ್, ಇನ್ವರ್ಟರ್ ಎರಡರಲ್ಲಿ ಒಂದನ್ನೇ ಒಳಗೆ ಬಿಡುವುದು) ಇಲ್ಲದೆ ಕೊಡಬೇಡಿ. ಇನ್ವರ್ಟರ್‌ನಲ್ಲಿ ಓಡುವಾಗ ಕನ್ವರ್ಟರ್ ಬ್ರೇಕರ್ ಆರಿಸಿರಬೇಕು. ಇಲ್ಲದಿದ್ದರೆ ಬ್ಯಾಟರಿಯಿಂದ ಇನ್ವರ್ಟರ್, ಇನ್ವರ್ಟರ್‌ನಿಂದ ಕನ್ವರ್ಟರ್, ಕನ್ವರ್ಟರ್‌ನಿಂದ ಮತ್ತೆ ಬ್ಯಾಟರಿ. ಬಾವಿ ನೀರು ಸೇದಿ ಅದೇ ಬಾವಿಗೆ ಸುರಿದ ಹಾಗೆ, ದಾರಿಯಲ್ಲಿ ಚೆಲ್ಲಿದ್ದು ನಷ್ಟ.

ಎಲ್ಲ ಮುಗಿದು ಮೊದಲ ಪ್ರವಾಸ ಹೋಗಿ ಬಂದ ಮೇಲೆ ಸ್ಪ್ಯಾನರ್ ಹಿಡಿದು ಪ್ರತಿ ಬೋಲ್ಟನ್ನೂ ಇನ್ನೊಮ್ಮೆ ಬಿಗಿ ಮಾಡಿ. ಗಾಡಿ ಅಲುಗುತ್ತದೆ, ಹೊಸ ಲಗ್‌ಗಳು ಕೂರುತ್ತವೆ. ನಾನೇ ಬಿಗಿದದ್ದರಲ್ಲಿ ಎರಡು ಸಡಿಲವಾಗಿದ್ದವು, ಒಂದು ಆ ಮೆಟ್ಟಿಲ ಕೆಳಗಿನದ್ದೇ.